ವಿಳಾಸವೊಂದರಿಂದ ಹುಟ್ಟಿದ ಬಳಗ

ಅಭಿಮಾನಿ ಎಂದೊಡನೆ ಕನ್ನಡದ ಓದುಗರ ಕಣ್ಣ ಮುಂದೆ ನಿಲ್ಲುವುದು ಚಿತ್ರಮಂದಿರದ ಎದುರಿನ ಕಟೌಟು, ಅದಕ್ಕೆ ಏರುವ ಹೂವಿನ ಹಾರ, ಮೊದಲ ದಿನದ ಮೊದಲ ಆಟದ ಶಿಳ್ಳೆ. ಅಲ್ಲಿ ತಾರೆ ಮೇಲೆ ನಿಂತವನು, ಅಭಿಮಾನಿ ಕೆಳಗೆ ನಿಂತು ನೋಡುವವನು. ಇದಕ್ಕಿಂತ ತೀರ ಭಿನ್ನವಾದ ಇನ್ನೊಂದು ಬಗೆಯ ಅಭಿಮಾನ 1920ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿಕೊಂಡಿತು. ಅದರ ಕೇಂದ್ರದಲ್ಲಿ ಇದ್ದದ್ದು ಯಾವ ವ್ಯಕ್ತಿಯೂ ಅಲ್ಲ, ಒಂದು ಬಗೆಯ ಕಥೆ. ಗ್ರಹಾಂತರ ಯಾನ, ಯಂತ್ರಮಾನವ, ಕಾಲದಲ್ಲಿ ಹಿಂದೆ ಮುಂದೆ ಸಾಗುವ ಪಯಣ ಮೊದಲಾದುವನ್ನು ಹೇಳುವ ವೈಜ್ಞಾನಿಕ ಕಥೆ, ಅಂದರೆ ಸೈನ್ಸ್ ಫಿಕ್ಷನ್.

ಈ ಬಳಗದಲ್ಲಿ ಓದುಗ ಕೇವಲ ಓದುಗನಾಗಿ ಉಳಿಯಲಿಲ್ಲ. ತಾನೇ ಪತ್ರಿಕೆ ಹೊರಡಿಸಿದ, ಸಮ್ಮೇಳನ ನಡೆಸಿದ, ಪ್ರಶಸ್ತಿ ಕೊಟ್ಟ, ಹಲವು ವೇಳೆ ತಾನೇ ಲೇಖಕನೂ ಪ್ರಕಾಶಕನೂ ಆದ. ಇಂದು ಸಿನಿಮಾ, ಕಾಮಿಕ್ಸ್, ಆನಿಮೇಷನ್, ವಿಡಿಯೋ ಗೇಮುಗಳ ಸುತ್ತ ಜಗತ್ತಿನಾದ್ಯಂತ ಕಾಣುವ ಅಭಿಮಾನಿ ಸಂಸ್ಕೃತಿಯ ಅನೇಕ ರೀತಿ ರಿವಾಜುಗಳು ಮೊದಲು ರೂಪು ತಳೆದದ್ದು ಇಲ್ಲಿ. ಆದರೆ ಮುಂದಿನ ಶತಮಾನಗಳ ಕನಸು ಕಂಡ ಈ ಜನರನ್ನು ಅತಿ ಹಳೆಯ ಪ್ರಶ್ನೆಯೊಂದು ಮೊದಲಿನಿಂದಲೂ ಬೆನ್ನಟ್ಟಿತು. ನಮ್ಮವರು ಯಾರು? ಹೊರಗಿನವರು ಯಾರು? ಅದನ್ನು ತೀರ್ಮಾನಿಸುವ ಅಧಿಕಾರ ಯಾರದು?

ಸಂಪಾದಕನ ಒಂದು ನಿರ್ಧಾರ

ಲಕ್ಸೆಂಬರ್ಗಿನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಹ್ಯೂಗೊ ಗರ್ನ್ಸ್‌ಬ್ಯಾಕ್ ಮೂಲತಃ ಸಾಹಿತಿಯಲ್ಲ. ರೇಡಿಯೋ ಮತ್ತು ವಿದ್ಯುತ್ ಉಪಕರಣಗಳ ಬಿಡಿಭಾಗಗಳನ್ನು ಅಂಚೆಯ ಮೂಲಕ ಮಾರುತ್ತಿದ್ದ ವ್ಯಾಪಾರಿ. ಆ ವ್ಯಾಪಾರಕ್ಕೆ ಪೂರಕವಾಗಿ ತಾಂತ್ರಿಕ ವಿಷಯಗಳ ಪತ್ರಿಕೆಗಳನ್ನು ನಡೆಸುತ್ತಿದ್ದ. ಅವುಗಳಲ್ಲಿ ನಡುನಡುವೆ ಅಚ್ಚಾಗುತ್ತಿದ್ದ ಕಥೆಗಳಿಗೆ ಓದುಗರಿದ್ದಾರೆ ಎಂದು ಕಂಡುಕೊಂಡ ಆತ, 1926ರ ಏಪ್ರಿಲ್‌ನಲ್ಲಿ ಪೂರ್ತಿ ಅಂಥ ಕಥೆಗಳಿಗೇ ಮೀಸಲಾದ ‘ಅಮೇಝಿಂಗ್ ಸ್ಟೋರೀಸ್’ ಮಾಸಪತ್ರಿಕೆಯನ್ನು ಆರಂಭಿಸಿದ. ಬೆಲೆ 25 ಸೆಂಟ್. ಮೊದಮೊದಲು ಅದರಲ್ಲಿ ಬಂದವು ಹೆಚ್ಚಾಗಿ ಎಡ್ಗರ್ ಆಲನ್ ಪೋ, ಜೂಲ್ಸ್ ವೆರ್ನ್, ಎಚ್.ಜಿ. ವೆಲ್ಸ್ ಅವರ ಹಳೆಯ ಕಥೆಗಳ ಮರುಮುದ್ರಣಗಳು. ಫ್ರಾಂಕ್ ಆರ್. ಪಾಲ್ ಎಂಬ ಕಲಾವಿದ ಬರೆದ ಕಣ್ಣು ಕೋರೈಸುವ ಬಣ್ಣದ ಮುಖಪುಟಗಳು ಪತ್ರಿಕೆಯ ಆಕರ್ಷಣೆಯಾಗಿದ್ದವು.

1927ರ ಆರಂಭದಿಂದ ಪತ್ರಿಕೆಯಲ್ಲಿ ಓದುಗರ ಪತ್ರಗಳ ವಿಭಾಗ ನಿಯತವಾಗಿ ಬರತೊಡಗಿತು. ಪತ್ರ ಬರೆದವರ ಹೆಸರಿನ ಜೊತೆಗೆ ಅವರ ಪೂರ್ಣ ವಿಳಾಸವನ್ನೂ ಅಚ್ಚು ಹಾಕುವ ಪದ್ಧತಿ ಅಲ್ಲಿತ್ತು. ನೋಡಲು ಇದು ಸಣ್ಣ ಸಂಗತಿ. ಆದರೆ ಇಡೀ ಚಳವಳಿಯ ಬೀಜ ಇದರಲ್ಲೇ ಇತ್ತು.

ಈ ಕಥೆಗಳನ್ನು ಓದುತ್ತಿದ್ದವರಲ್ಲಿ ಬಹಳ ಮಂದಿ ಹದಿಹರೆಯದ ಹುಡುಗರು. ಊರಿಗೆ ಒಬ್ಬರೋ ಇಬ್ಬರೋ ಇದ್ದವರು. ಮನೆಯಲ್ಲಿ ಹಿರಿಯರಿಗೆ, ಶಾಲೆಯಲ್ಲಿ ಅಧ್ಯಾಪಕರಿಗೆ ಇವು ಹೊತ್ತು ಕಳೆಯುವ ಕೀಳು ಓದು. ಚಂದ್ರನ ಮೇಲೆ ಮನುಷ್ಯ ಕಾಲಿಡುತ್ತಾನೆ ಎಂದು ಗಂಭೀರವಾಗಿ ವಾದಿಸಿದರೆ ನಗುವವರೇ ಹೆಚ್ಚು. ಅಂಥ ಹುಡುಗನಿಗೆ ಪತ್ರಿಕೆಯ ಕೊನೆಯ ಪುಟಗಳಲ್ಲಿ ತನ್ನಂತೆಯೇ ಯೋಚಿಸುವ ಇನ್ನೊಬ್ಬನ ವಿಳಾಸ ಸಿಕ್ಕಿತು. ಸಂಪಾದಕರಿಗೆ ಬರೆಯುತ್ತಿದ್ದವರು ಪರಸ್ಪರ ಬರೆದುಕೊಳ್ಳಲು ತೊಡಗಿದರು. ಒಂದೇ ಊರಿನವರು ಎಂದು ಗೊತ್ತಾದಾಗ ಭೇಟಿಯಾದರು. ಭೇಟಿಗಳು ಕೂಟಗಳಾದವು, ಕೂಟಗಳು ಸಂಘಗಳಾದವು.

ಸೈಕ್ಲೋಸ್ಟೈಲ್ ಪತ್ರಿಕೆಗಳ ಕಾಲ

1930ರ ಮೇ ತಿಂಗಳಲ್ಲಿ ಇಂಥ ಒಂದು ಪತ್ರಮಿತ್ರರ ಸಂಘ ‘ದಿ ಕಾಮೆಟ್’ ಎಂಬ ಪುಟ್ಟ ಪತ್ರಿಕೆಯನ್ನು ಹೊರತಂದಿತು. ರೇಮಂಡ್ ಪಾಮರ್ ಅದರ ಸಂಪಾದಕ. ಅಭಿಮಾನಿಗಳು ಅಭಿಮಾನಿಗಳಿಗಾಗಿಯೇ ಮಾಡಿದ ಪತ್ರಿಕೆಗಳಲ್ಲಿ ಇದು ಮೊದಲನೆಯದು ಎಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಇಂಥವಕ್ಕೆ ‘ಫ್ಯಾನ್‌ಝೀನ್’ ಎಂಬ ಹೆಸರು ಬಂದದ್ದು ಹತ್ತು ವರ್ಷಗಳ ಅನಂತರ, 1940ರಲ್ಲಿ. ಲೂಯಿಸ್ ರಸೆಲ್ ಶೋವನೆ ಎಂಬ ಅಭಿಮಾನಿ ತನ್ನ ಪತ್ರಿಕೆಯಲ್ಲಿ ಈ ಪದವನ್ನು ಟಂಕಿಸಿದ.

ಅಚ್ಚುಕೂಟಕ್ಕೆ ಕೊಡಲು ಹಣವಿಲ್ಲದ ಹುಡುಗರು ಕಂಡುಕೊಂಡ ದಾರಿಗಳು ಎರಡು. ಒಂದು, ನಮ್ಮ ಶಾಲೆ ಕಚೇರಿಗಳಲ್ಲೂ ದಶಕಗಳ ಕಾಲ ಬಳಕೆಯಲ್ಲಿದ್ದ ಸೈಕ್ಲೋಸ್ಟೈಲ್ ಯಂತ್ರ. ಇನ್ನೊಂದು ಅದಕ್ಕಿಂತಲೂ ಅಗ್ಗದ ಹೆಕ್ಟೋಗ್ರಾಫ್. ತಟ್ಟೆಯಲ್ಲಿ ಜೆಲಟಿನ್ ಎರೆದು ಗಟ್ಟಿಯಾಗಲು ಬಿಡುವುದು; ವಿಶೇಷ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತುವುದು; ಶಾಯಿ ಜೆಲಟಿನ್‌ಗೆ ಇಳಿದ ಮೇಲೆ ಒಂದೊಂದೇ ಖಾಲಿ ಹಾಳೆಯನ್ನು ಅದರ ಮೇಲಿಟ್ಟು ಪ್ರತಿ ತೆಗೆಯುವುದು. ಸುಮಾರು 50 ಪ್ರತಿ ತೆಗೆಯುವಷ್ಟರಲ್ಲಿ ನೇರಳೆ ಅಕ್ಷರಗಳು ಮಸುಕಾಗುತ್ತಿದ್ದವು. ಪ್ರಸಾರ ಸಂಖ್ಯೆಯನ್ನು ಸಂಪಾದಕನ ಆಸೆಯಲ್ಲ, ತಟ್ಟೆಯಲ್ಲಿನ ಶಾಯಿ ನಿರ್ಧರಿಸುತ್ತಿತ್ತು.

ಈ ಪತ್ರಿಕೆಗಳ ಅರ್ಥವ್ಯವಸ್ಥೆಯೂ ಬೇರೆಯೇ. ಹೆಸರಿಗೆ ಬೆಲೆ ಇದ್ದರೂ ಹಣ ಕೊಟ್ಟು ಕೊಳ್ಳುವುದು ಮುಖ್ಯವಾಗಿರಲಿಲ್ಲ. ತನ್ನ ಪತ್ರಿಕೆಯ ಪ್ರತಿಯೊಂದನ್ನು ಕಳುಹಿಸಿದವನಿಗೆ, ಲೇಖನ ಬರೆದವನಿಗೆ, ಕನಿಷ್ಠ ಹಿಂದಿನ ಸಂಚಿಕೆಯ ಬಗ್ಗೆ ವಿವರವಾದ ಪತ್ರ ಬರೆದವನಿಗೆ ಮುಂದಿನ ಸಂಚಿಕೆ ಹೋಗುತ್ತಿತ್ತು. ಸುಮ್ಮನೆ ಓದಿ ಬದಿಗಿಡುವವನ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತಿತ್ತು. ಪ್ರೀತಿಗಾಗಿ ಮಾಡುವ ಕೆಲಸಕ್ಕೆ ಪ್ರೀತಿಯಿಂದಲೇ ಪ್ರತಿಫಲ ಎಂಬ ಈ ತತ್ವ ಬಳಗದ ಅಭಿಮಾನದ ಸಂಗತಿಯಾಯಿತು.

ಆ ಮಸುಕು ಹಾಳೆಗಳಿಂದ ಹೊರಬಂದದ್ದು ಸಾಮಾನ್ಯವಲ್ಲ. ಕ್ಲೀವ್‌ಲೆಂಡ್ ನಗರದ ಹೈಸ್ಕೂಲ್ ವಿದ್ಯಾರ್ಥಿ ಜೆರ್ರಿ ಸೀಗಲ್ ತನ್ನ ಗೆಳೆಯ ಜೋ ಶುಸ್ಟರ್‌ನ ಚಿತ್ರಗಳೊಂದಿಗೆ 1933ರ ಜನವರಿಯಲ್ಲಿ ತನ್ನ ಫ್ಯಾನ್‌ಝೀನ್‌ನಲ್ಲಿ ಅತಿಮಾನುಷ ಶಕ್ತಿ ಪಡೆದ ಖಳನೊಬ್ಬನ ಕಥೆ ಪ್ರಕಟಿಸಿದ. ಖಳನ ಹೆಸರು ಸೂಪರ್‌ಮ್ಯಾನ್. ಅದೇ ಹೆಸರು ಮುಂದೆ ನಾಯಕನಿಗೆ ಬಂದು, 1938ರಲ್ಲಿ ಕಾಮಿಕ್ಸ್ ರೂಪದಲ್ಲಿ ಜಗತ್ತನ್ನೇ ಗೆದ್ದಿತು. ಆದರೆ ಅದರ ಹಕ್ಕನ್ನು ಗೆಳೆಯರಿಬ್ಬರೂ ಪ್ರಕಾಶಕರಿಗೆ ಬರೆದುಕೊಟ್ಟದ್ದು ಕೇವಲ 130 ಡಾಲರಿಗೆ. ಪ್ರೀತಿಯ ಲೋಕ ಮುಗಿದು ವ್ಯವಹಾರದ ಲೋಕ ಆರಂಭವಾಗುವ ಗಡಿಯಲ್ಲಿ ಈ ಹುಡುಗರು ಮೋಸಹೋಗುವುದು ಅಪರೂಪವೇನೂ ಆಗಿರಲಿಲ್ಲ.

ಹತ್ತು ಡಾಲರಿನ ಜಗಳ

1929ರಲ್ಲಿ ಗರ್ನ್ಸ್‌ಬ್ಯಾಕ್‌ನ ಕಂಪೆನಿ ದಿವಾಳಿಯಾಗಿ ‘ಅಮೇಝಿಂಗ್’ ಆತನ ಕೈಬಿಟ್ಟಿತು. ಆತ ಸುಮ್ಮನಿರದೆ ಬೇರೆ ಪತ್ರಿಕೆಗಳನ್ನು ಹೊರಡಿಸಿದ. ಆತನ ‘ವಂಡರ್ ಸ್ಟೋರೀಸ್’ 1934ರಲ್ಲಿ ‘ಸೈನ್ಸ್ ಫಿಕ್ಷನ್ ಲೀಗ್’ ಎಂಬ ಸಂಘಟನೆಯನ್ನು ಘೋಷಿಸಿತು. ಓದುಗರು ಸದಸ್ಯರಾಗಬಹುದು, ತಮ್ಮ ಊರಿನಲ್ಲಿ ಶಾಖೆ ತೆರೆಯಬಹುದು. ಪತ್ರಿಕೆಯ ಮಾರಾಟ ಹೆಚ್ಚಲಿ ಎಂಬುದು ಮಾಲಿಕನ ಲೆಕ್ಕಾಚಾರ. ಆದರೆ ಚದುರಿಹೋಗಿದ್ದ ಓದುಗರಿಗೆ ಅದು ಸಂಘಟನೆಯ ಚೌಕಟ್ಟನ್ನು ಒದಗಿಸಿತು. ನ್ಯೂಯಾರ್ಕ್, ಫಿಲಡೆಲ್ಫಿಯಾ, ಲಾಸ್ ಏಂಜಲಿಸ್ ಮಾತ್ರವಲ್ಲದೆ ಇಂಗ್ಲೆಂಡಿನ ಲೀಡ್ಸ್ ನಗರದಲ್ಲೂ ಶಾಖೆ ಹುಟ್ಟಿತು. 1937ರ ಜನವರಿ 3ರಂದು ಲೀಡ್ಸ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಆರ್ಥರ್ ಸಿ. ಕ್ಲಾರ್ಕ್ ಎಂಬ 19ರ ತರುಣನೂ ಇದ್ದ. ಭೂಸ್ಥಿರ ಕಕ್ಷೆಯ ಉಪಗ್ರಹಗಳ ಮೂಲಕ ಇಡೀ ಜಗತ್ತಿಗೆ ಸಂಪರ್ಕ ಕಲ್ಪಿಸಬಹುದೆಂದು 1945ರಲ್ಲಿ ವಿವರಿಸಿದ ಕ್ಲಾರ್ಕ್ ಈತನೇ.

ಮಾಲಿಕನ ಸಂಘಕ್ಕೂ ಓದುಗರ ಸಂಘಕ್ಕೂ ಇರುವ ವ್ಯತ್ಯಾಸ ಬೇಗನೆ ಬಯಲಾಯಿತು. ನ್ಯೂಯಾರ್ಕಿನ ಡೊನಾಲ್ಡ್ ವಾಲ್‌ಹೈಮ್ ಎಂಬ ತರುಣನ ಕಥೆ 1934ರಲ್ಲಿ ‘ವಂಡರ್ ಸ್ಟೋರೀಸ್’ನಲ್ಲಿ ಪ್ರಕಟವಾಯಿತು. ಬರಬೇಕಾಗಿದ್ದ ಸಂಭಾವನೆ 10 ಡಾಲರ್ ಬರಲಿಲ್ಲ. ಆತ ಇತರ ಲೇಖಕರಿಗೆ ಪತ್ರ ಬರೆದು ವಿಚಾರಿಸಿದಾಗ ಹಣ ಸಿಗದವರು ಇನ್ನೂ ಹಲವರಿದ್ದಾರೆಂದು ತಿಳಿಯಿತು. ಎಲ್ಲರೂ ಕೂಡಿ ವಕೀಲರ ಮೂಲಕ ಕೇಳಿದ ಮೇಲೆ ಹಣ ಬಂತು. ಜೊತೆಗೆ 1935ರಲ್ಲಿ ವಾಲ್‌ಹೈಮ್ ಮತ್ತು ಆತನ ಇಬ್ಬರು ಸಂಗಡಿಗರನ್ನು ಲೀಗ್‌ನಿಂದ ಉಚ್ಚಾಟಿಸಿದ ಸುದ್ದಿಯೂ ಪತ್ರಿಕೆಯಲ್ಲಿ ಬಂತು. ಬಳಗದ ಇತಿಹಾಸದಲ್ಲಿ ಬಾಗಿಲು ಮುಚ್ಚುವ ಪರಂಪರೆ ಹೀಗೆ ಶುರುವಾಯಿತು.

ಬಾಗಿಲಲ್ಲಿ ತಡೆದ ಆರು ಮಂದಿ

ಅದು ಆರ್ಥಿಕ ಮಹಾಕುಸಿತದ ಕಾಲ. ಯೂರೋಪಿನಲ್ಲಿ ಫ್ಯಾಸಿಸಂ ಬೆಳೆಯುತ್ತಿತ್ತು. ವಾಲ್‌ಹೈಮ್‌ನ ಗೆಳೆಯ ಜಾನ್ ಮಿಷೆಲ್ 1937ರಲ್ಲಿ ಫಿಲಡೆಲ್ಫಿಯಾದ ಸಭೆಗಾಗಿ ಒಂದು ಭಾಷಣ ಬರೆದ. ನಾಳಿನ ಜಗತ್ತಿನ ಬಗ್ಗೆ ಇಷ್ಟೆಲ್ಲ ಓದುವವರು ಇಂದಿನ ಜಗತ್ತಿನ ಬಗ್ಗೆ ಸುಮ್ಮನಿರಬಾರದು, ರಾಜಕೀಯ ನಿಲುವು ತಳೆಯಬೇಕು ಎಂಬುದು ಅದರ ತಿರುಳು. ಸಭೆ ಆ ಠರಾವನ್ನು ತಿರಸ್ಕರಿಸಿತು. ಕಥೆಯ ಕೂಟಕ್ಕೆ ರಾಜಕೀಯ ತರಬೇಡಿ ಎಂಬುದು ಎದುರು ಪಕ್ಷದ ವಾದ. ಮರುವರ್ಷ ವಾಲ್‌ಹೈಮ್, ಮಿಷೆಲ್, ಫ್ರೆಡರಿಕ್ ಪೋಲ್ ಮೊದಲಾದ ಎಡಪಂಥದ ಒಲವಿನ ತರುಣರು ‘ಫ್ಯೂಚರಿಯನ್ಸ್’ ಎಂಬ ಗುಂಪು ಕಟ್ಟಿಕೊಂಡರು. ಔಷಧ ವಿಜ್ಞಾನಕ್ಕಲ್ಲ, ರಸಾಯನಶಾಸ್ತ್ರಕ್ಕೆ ಮನಸ್ಸು ಕೊಟ್ಟಿದ್ದ ಕಾಲೇಜು ವಿದ್ಯಾರ್ಥಿ ಐಸಾಕ್ ಅಸಿಮೋವ್ ಕೂಡ ಅವರಲ್ಲೊಬ್ಬ.

1939ರಲ್ಲಿ ನ್ಯೂಯಾರ್ಕಿನಲ್ಲಿ ‘ನಾಳಿನ ಜಗತ್ತು’ ಎಂಬ ವಿಷಯದ ಮೇಲೆ ಭಾರಿ ವಿಶ್ವಪ್ರದರ್ಶನ ನಡೆಯುತ್ತಿತ್ತು. ಅದೇ ಸಂದರ್ಭದಲ್ಲಿ ಜುಲೈ 2ರಿಂದ ವೈಜ್ಞಾನಿಕ ಕಥೆಗಳ ಮೊದಲ ವಿಶ್ವ ಸಮ್ಮೇಳನ ಏರ್ಪಾಟಾಯಿತು. ಅಧ್ಯಕ್ಷ ಸ್ಯಾಮ್ ಮಾಸ್ಕೊವಿಟ್ಸ್‌ಗೆ ಆಗ 19 ವರ್ಷ. ಸುಮಾರು 200 ಮಂದಿ ಸೇರಿದ್ದರು. ಮುಖಪುಟ ಕಲಾವಿದ ಫ್ರಾಂಕ್ ಪಾಲ್ ಗೌರವ ಅತಿಥಿ.

ಫ್ಯೂಚರಿಯನ್ನರು ಸಭೆ ಕೆಡಿಸುತ್ತಾರೆಂಬ ಭಯ ಸಂಘಟಕರಿಗಿತ್ತು. ಸಂಘಟಕರು ಸರ್ವಾಧಿಕಾರಿಗಳು ಎಂದು ಎಚ್ಚರಿಸುವ ಹಳದಿ ಕರಪತ್ರಗಳು ಸಭಾಂಗಣದಲ್ಲಿ ಸಿಕ್ಕಿದಾಗ ಭಯ ದೃಢವಾಯಿತು. ಸರಿಯಾಗಿ ನಡೆದುಕೊಳ್ಳುವುದಾಗಿ ಮಾತು ಕೊಟ್ಟರೆ ಮಾತ್ರ ಪ್ರವೇಶ ಎಂಬ ಷರತ್ತು ಬಂತು. ಷರತ್ತಿಗೆ ಒಪ್ಪದ ಆರು ಮಂದಿಯನ್ನು ಬಾಗಿಲಲ್ಲೇ ತಡೆಯಲಾಯಿತು: ವಾಲ್‌ಹೈಮ್, ಮಿಷೆಲ್, ಪೋಲ್, ರಾಬರ್ಟ್ ಲೌಂಡ್ಸ್, ಜ್ಯಾಕ್ ಗಿಲೆಸ್ಪಿ ಮತ್ತು ಅಂದೇ 16 ತುಂಬಿದ್ದ ಸಿರಿಲ್ ಕಾರ್ನ್‌ಬ್ಲೂತ್. ವಿಚಿತ್ರವೆಂದರೆ ಆ ಕರಪತ್ರ ಬರೆದವನು ಈ ಆರರಲ್ಲಿ ಯಾರೂ ಅಲ್ಲ. ಅದನ್ನು ಬರೆದಿದ್ದ ಡೇವ್ ಕೈಲ್ ಆರಾಮವಾಗಿ ಒಳಗೆ ಕುಳಿತಿದ್ದ. ಅಸಿಮೋವ್ ಕೂಡ ಒಳಗೆ ಹೋದ. ಗೆಳೆಯರನ್ನು ಹೊರಗೆ ಬಿಟ್ಟು ಬಂದ ಅಳುಕು ಆತನಿಗೆ ಇತ್ತು.

ಇಪ್ಪತ್ತರ ಆಸುಪಾಸಿನ ಹುಡುಗರ ಈ ಕಲಹವನ್ನು ಹುಡುಗಾಟವೆಂದು ತಳ್ಳಿಹಾಕಬಹುದಿತ್ತು. ಆದರೆ ಹೊರಗೆ ನಿಂತವರೇ ಮುಂದೆ ಆ ಸಾಹಿತ್ಯದ ಪ್ರಮುಖ ಸಂಪಾದಕರೂ ಲೇಖಕರೂ ಆದರು. ಪೋಲ್ ಮರುವರ್ಷವೇ ಎರಡು ಪತ್ರಿಕೆಗಳ ಸಂಪಾದಕನಾದ. ವಾಲ್‌ಹೈಮ್ ಅಗ್ಗದ ಪೇಪರ್‌ಬ್ಯಾಕ್ ಪುಸ್ತಕಗಳ ದೊಡ್ಡ ಪ್ರಕಾಶನಗಳನ್ನು ಮುನ್ನಡೆಸಿದ. ಒಳಗಿದ್ದ ಮಾಸ್ಕೊವಿಟ್ಸ್ ಈ ಬಳಗದ ಇತಿಹಾಸಕಾರನಾದ. ಹೀಗಾಗಿ ಆ ದಿನದ ಘಟನೆಯನ್ನು ಒಂದು ಪಕ್ಷ ತನ್ನ ಇತಿಹಾಸದಲ್ಲೂ ಇನ್ನೊಂದು ಪಕ್ಷ ತನ್ನ ಆತ್ಮಕಥೆಗಳಲ್ಲೂ ದಶಕಗಳ ಕಾಲ ವಾದಿಸುತ್ತಲೇ ಬಂದವು.

ಚರಿತ್ರೆ ಇಲ್ಲಿ ಒಂದು ಚೇಷ್ಟೆಯನ್ನೂ ಮಾಡಿತು. 10 ಡಾಲರಿಗಾಗಿ ಹೋರಾಡಿದ ಅದೇ ವಾಲ್‌ಹೈಮ್ 1965ರಲ್ಲಿ ಏಸ್ ಬುಕ್ಸ್ ಸಂಪಾದಕನಾಗಿ, ಹಕ್ಕುಸ್ವಾಮ್ಯದ ಲೋಪವೊಂದನ್ನು ಬಳಸಿಕೊಂಡು ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯನ್ನು ಲೇಖಕನ ಅನುಮತಿಯಿಲ್ಲದೆ ಅಚ್ಚು ಹಾಕಿಸಿದ. ಆಗ ಪ್ರತಿಭಟಿಸಿದವರು ಓದುಗರೇ. ಅವರ ಒತ್ತಡಕ್ಕೆ ಮಣಿದು ಏಸ್ ಸಂಸ್ಥೆ ಟೋಲ್ಕಿನ್‌ಗೆ ಗೌರವಧನ ಕೊಟ್ಟು, ಆ ಆವೃತ್ತಿಯನ್ನು ಮತ್ತೆ ಅಚ್ಚುಮಾಡದಿರಲು ಒಪ್ಪಿತು.

ವೇಷ ಹೊಲಿದವಳು

ಅದೇ 1939ರ ಸಮ್ಮೇಳನಕ್ಕೆ ಲಾಸ್ ಏಂಜಲಿಸ್‌ನಿಂದ ಬಂದಿದ್ದ ಇಬ್ಬರು ಭವಿಷ್ಯಕಾಲದ ಉಡುಪು ಧರಿಸಿ ನ್ಯೂಯಾರ್ಕಿನ ಬೀದಿಗಳಲ್ಲಿ ಓಡಾಡಿದರು. ಒಬ್ಬ ಫಾರೆಸ್ಟ್ ಆಕರ್‌ಮನ್, ಇನ್ನೊಬ್ಬಾಕೆ ಮರ್ಟಲ್ ಡಗ್ಲಸ್. ಇಬ್ಬರೂ ಎಸ್ಪೆರಾಂಟೊ ಭಾಷೆಯ ಪ್ರೇಮಿಗಳು. ಆ ಭಾಷೆಯಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಆಕೆ ‘ಮೊರೋಜೊ’ ಎಂದು ಕರೆದುಕೊಳ್ಳುತ್ತಿದ್ದಳು. ವೆಲ್ಸ್‌ನ ಕಥೆಯಾಧಾರಿತ ‘ಥಿಂಗ್ಸ್ ಟು ಕಮ್’ ಚಿತ್ರದ ಉಡುಪುಗಳಿಂದ ಪ್ರೇರಿತವಾಗಿದ್ದ ಆ ವೇಷಗಳನ್ನು ಹೊಲಿದವಳು ಆಕೆ. ಮರುವರ್ಷ ಷಿಕಾಗೋ ಸಮ್ಮೇಳನದಲ್ಲಿ ವೇಷಭೂಷಣ ಕಾರ್ಯಕ್ರಮವೇ ನಡೆಯಿತು. ಅಲ್ಲಿಂದ ಅದು ಪ್ರತಿ ಸಮ್ಮೇಳನದ ಭಾಗವಾಯಿತು.

1980ರ ದಶಕದಲ್ಲಿ ಈ ಹವ್ಯಾಸಕ್ಕೆ ಜಪಾನಿನಲ್ಲಿ ‘ಕಾಸ್‌ಪ್ಲೇ’ ಎಂಬ ಹೆಸರು ಬಂತು. ಆ ಹೆಸರಿನಲ್ಲೇ ಅದು ಜಗತ್ತನ್ನು ಸುತ್ತಿತು. 2012ರಿಂದ ಬೆಂಗಳೂರಿನಲ್ಲಿ ನಡೆಯುತ್ತ ಬಂದಿರುವ ಕಾಮಿಕ್ ಕಾನ್‌ಗೆ ತಾವೇ ಹೊಲಿದ ಉಡುಪು, ರಟ್ಟು ಕತ್ತರಿಸಿ ಬಣ್ಣ ಬಳಿದ ಕವಚ ತೊಟ್ಟು ಬರುವ ಯುವಕ ಯುವತಿಯರು ಇದೇ ಪರಂಪರೆಯ ವಾರಸುದಾರರು. ಬಹುಕಾಲ ಈ ಪರಂಪರೆಯ ಮೂಲಪುರುಷ ಎಂಬ ಕೀರ್ತಿ ಆಕರ್‌ಮನ್‌ಗೆ ಮಾತ್ರ ಸಂದಿತ್ತು. ಸೂಜಿ ಹಿಡಿದವಳ ಹೆಸರನ್ನು ಇತಿಹಾಸಕಾರರು ಮುಂದಕ್ಕೆ ತಂದದ್ದು ತಡವಾಗಿ.

ತಮ್ಮದೇ ನುಡಿ, ತಮ್ಮದೇ ನೆಂಟಸ್ತಿಕೆ

1940ರಲ್ಲಿ ಎ.ಇ. ವ್ಯಾನ್ ವೋಗ್ಟ್ ಬರೆದ ‘ಸ್ಲ್ಯಾನ್’ ಕಾದಂಬರಿ ಧಾರಾವಾಹಿಯಾಗಿ ಬಂತು. ಸಾಮಾನ್ಯರಿಗಿಂತ ಬುದ್ಧಿವಂತರಾದ ಕಾರಣಕ್ಕೇ ಬೇಟೆಗೊಳಗಾಗುವ ಒಂದು ಜನಾಂಗದ ಕಥೆ ಅದು. ಶಾಲೆಯಲ್ಲಿ ಗೇಲಿಗೊಳಗಾಗುತ್ತಿದ್ದ ಓದುಗರಿಗೆ ಅದು ತಮ್ಮದೇ ಕಥೆ ಎನಿಸಿತು. ಅಭಿಮಾನಿಗಳೇ ಸ್ಲ್ಯಾನ್‌ಗಳು ಎಂಬ ಮಾತು ಘೋಷಣೆಯಂತಾಯಿತು. ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ಕೆಲವರು ಒಂದೇ ಮನೆಯಲ್ಲಿ ಕೂಡಿ ಬಾಳಲು ತೊಡಗಿ ಅದಕ್ಕೆ ‘ಸ್ಲ್ಯಾನ್ ಶ್ಯಾಕ್’ ಎಂದು ಹೆಸರಿಟ್ಟರು. ಹೊರಗಿನವರಿಂದ ನೊಂದವರಿಗೆ ಇದು ಸಾಂತ್ವನ. ಆದರೆ ನಾವು ಮೇಲಿನವರು ಎಂಬ ಜಂಬವೂ ಅದರೊಳಗೆ ಬೆರೆತಿತ್ತು.

ಕ್ರಮೇಣ ಬಳಗಕ್ಕೆ ತನ್ನದೇ ನುಡಿಗಟ್ಟು ಬೆಳೆಯಿತು. ಹೊರಗಿನ ಸಾಮಾನ್ಯರು ‘ಮಂಡೇನ್’ ಆದರು. ಎಲ್ಲ ಬಿಟ್ಟು ದೂರ ಹೋಗುವುದು ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ‘ಗಾಫಿಯಾ’ ಹುಟ್ಟಿತು. ಅಭಿಮಾನವೇ ಬದುಕು ಎನ್ನುವವರಿಗೂ ಅದು ಬರೀ ಒಂದು ಹವ್ಯಾಸ ಎನ್ನುವವರಿಗೂ ಪ್ರತ್ಯೇಕ ಸಂಕ್ಷಿಪ್ತ ನಾಮಗಳು ಬಂದವು. ಕೂಟಗಳಲ್ಲಿ ಹಾಡುವ ಹಾಡುಗಳ ಬಗ್ಗೆ 1950ರ ದಶಕದಲ್ಲಿ ಬರೆದ ಲೇಖನವೊಂದರಲ್ಲಿ ಜಾನಪದ ಎಂಬರ್ಥದ ‘ಫೋಕ್’ ಬೆರಳಚ್ಚಿನ ತಪ್ಪಿನಿಂದ ‘ಫಿಲ್ಕ್’ ಆಯಿತು. ತಪ್ಪನ್ನು ತಿದ್ದುವ ಬದಲು ಬಳಗ ಅದನ್ನೇ ಉಳಿಸಿಕೊಂಡಿತು. ಇಂದು ಆ ಹಾಡುಗಳಿಗೆ ಅದೇ ಹೆಸರು.

ಇವೆಲ್ಲಕ್ಕಿಂತ ಮಿಗಿಲಾದದ್ದು ಅವರು ಬೆಳೆಸಿಕೊಂಡ ನೆಂಟಸ್ತಿಕೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಫ್ಯಾನ್‌ಝೀನ್ ನಡೆಸುತ್ತಿದ್ದ ವಾಲ್ಟ್ ವಿಲ್ಲಿಸ್‌ನ ಹಾಸ್ಯ ಬರಹಗಳು ಅಮೆರಿಕದಲ್ಲೂ ಜನಪ್ರಿಯವಾಗಿದ್ದವು. ಅಟ್ಲಾಂಟಿಕ್ ದಾಟುವ ಖರ್ಚು ಭರಿಸುವುದು ಆತನಿಗೆ ಸಾಧ್ಯವಿರಲಿಲ್ಲ. ಅಭಿಮಾನಿಗಳು ಪುಡಿಗಾಸು ಕೂಡಿಸಿ 1952ರ ಷಿಕಾಗೋ ಸಮ್ಮೇಳನಕ್ಕೆ ಆತನನ್ನು ಕರೆಸಿಕೊಂಡರು. ಇದರಿಂದ ಹುಟ್ಟಿದ ಅಟ್ಲಾಂಟಿಕ್ ಆಚೀಚಿನ ಅಭಿಮಾನಿ ನಿಧಿ ಇಂದಿಗೂ ಮತದಾನದ ಮೂಲಕ ಆಯ್ಕೆಯಾದವರನ್ನು ಸಾಗರದ ಆಚೆಗೆ ಕಳುಹಿಸುತ್ತಿದೆ. 1953ರಲ್ಲಿ ಸಮ್ಮೇಳನದ ಸದಸ್ಯರ ಮತದಿಂದಲೇ ಕೊಡುವ ಪ್ರಶಸ್ತಿಯೊಂದು ಆರಂಭವಾಯಿತು. ಗರ್ನ್ಸ್‌ಬ್ಯಾಕ್‌ನ ಗೌರವಾರ್ಥ ಅದನ್ನು ಹ್ಯೂಗೊ ಪ್ರಶಸ್ತಿ ಎಂದು ಕರೆದರು. ಸಂಭಾವನೆ ಕೊಡದ ಸಂಪಾದಕನನ್ನು ಓದುಗರು ಒಟ್ಟಿನಲ್ಲಿ ಕ್ಷಮಿಸಿದ್ದರು ಎನ್ನಬೇಕು.

ಕಾಗದದ ಹಿಂದಿನ ಮುಖ

ಪತ್ರಗಳಿಂದಲೇ ಬೆಳೆದ ಬಳಗದಲ್ಲಿ ಬರೆಯುವವರ ಮುಖ ಕಾಣುತ್ತಿರಲಿಲ್ಲ. ಜಾರ್ಜಿಯಾ ರಾಜ್ಯದ ಸವಾನಾ ಪಟ್ಟಣದಿಂದ ಲೀ ಹಾಫ್‌ಮನ್ ಹೆಸರಿನಲ್ಲಿ ಹೊರಡುತ್ತಿದ್ದ ‘ಕ್ವಾಂಡ್ರಿ’ 1950ರ ದಶಕದ ಆರಂಭದ ಅತ್ಯುತ್ತಮ ಫ್ಯಾನ್‌ಝೀನ್‌ಗಳಲ್ಲಿ ಒಂದು. ಸಂಪಾದಕ ಗಂಡಸೆಂದೇ ಬಹುತೇಕ ಎಲ್ಲರೂ ನಂಬಿದ್ದರು. 1951ರ ನ್ಯೂ ಆರ್ಲಿಯನ್ಸ್ ಸಮ್ಮೇಳನದಲ್ಲಿ 19 ವರ್ಷದ ತರುಣಿಯೊಬ್ಬಳು ತಾನೇ ಲೀ ಹಾಫ್‌ಮನ್ ಎಂದು ಪರಿಚಯಿಸಿಕೊಂಡಾಗ ಆದ ಬೆರಗನ್ನು ಬಳಗ ಬಹುಕಾಲ ನೆನೆಯಿತು. ಆಕೆ ಯಾರನ್ನೂ ವಂಚಿಸಿರಲಿಲ್ಲ. ಬುದ್ಧಿವಂತ ಬರಹ ಎಂದರೆ ಗಂಡಸಿನದೇ ಎಂದು ಓದುಗರು ತಾವಾಗಿಯೇ ಊಹಿಸಿಕೊಂಡಿದ್ದರು.

ಅದೇ ದಶಕದಲ್ಲಿ ಕಾರ್ಲ್ ಬ್ರಾಂಡನ್ ಎಂಬ ಕರಿಯ ಅಭಿಮಾನಿಯ ವಿಡಂಬನೆ ಬರಹಗಳು ಎಲ್ಲರ ಮೆಚ್ಚುಗೆ ಗಳಿಸಿದವು. 1958ರಲ್ಲಿ ಗುಟ್ಟು ಹೊರಬಿತ್ತು. ಅಂಥ ವ್ಯಕ್ತಿಯೇ ಇರಲಿಲ್ಲ. ಟೆರ್ರಿ ಕಾರ್ ಮತ್ತು ಗೆಳೆಯರು, ಎಲ್ಲರೂ ಬಿಳಿಯರು, ಆತನನ್ನು ಸೃಷ್ಟಿಸಿದ್ದರು. ಬಳಗ ಅಂದು ನಕ್ಕು ಸುಮ್ಮನಾಯಿತು. ಆದರೆ ಆ ಕಾಲದ ಅತಿ ಪ್ರಸಿದ್ಧ ಕರಿಯ ಅಭಿಮಾನಿ ಕಾಲ್ಪನಿಕ ವ್ಯಕ್ತಿಯಾಗಿದ್ದ ಎಂಬುದು ನಗುವ ಸಂಗತಿಯಷ್ಟೇ ಅಲ್ಲ. 1999ರಲ್ಲಿ ಬಿಳಿಯರಲ್ಲದ ಲೇಖಕರು ಮತ್ತು ಓದುಗರ ಪರವಾಗಿ ಸಂಘಟನೆ ಕಟ್ಟಿದವರು ಅದಕ್ಕೆ ಬೇಕೆಂದೇ ಕಾರ್ಲ್ ಬ್ರಾಂಡನ್ ಸೊಸೈಟಿ ಎಂದು ಹೆಸರಿಟ್ಟರು.

ಟೆಲಿವಿಷನ್ ತಂದ ಮಹಿಳೆಯರು

1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ವಾಹಿನಿಯಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿ ಆರಂಭವಾಯಿತು. ಮರುವರ್ಷವೇ ದೇವ್ರಾ ಲ್ಯಾಂಗ್ಸಮ್ ಮತ್ತು ಶೆರ್ನಾ ಕಮರ್‌ಫೋರ್ಡ್ ಎಂಬಿಬ್ಬರು ಮಹಿಳೆಯರು ಅದಕ್ಕಾಗಿಯೇ ‘ಸ್ಪಾಕನೇಲಿಯಾ’ ಎಂಬ ಫ್ಯಾನ್‌ಝೀನ್ ಹೊರತಂದರು. ಎರಡನೆಯ ವರ್ಷಕ್ಕೇ ಧಾರಾವಾಹಿ ನಿಲ್ಲುವ ಸೂಚನೆ ಕಂಡಾಗ ಬಿಜೋ ಟ್ರಿಂಬಲ್ ಮತ್ತು ಆಕೆಯ ಪತಿ ಜಾನ್ ಪತ್ರ ಚಳವಳಿ ಸಂಘಟಿಸಿದರು. ಪತ್ರಗಳ ಪ್ರವಾಹ ಹೇಗಿತ್ತೆಂದರೆ, ಕಾರ್ಯಕ್ರಮ ಮುಂದುವರಿಯುತ್ತದೆ ಎಂದು ವಾಹಿನಿ 1968ರ ಮಾರ್ಚ್ 1ರಂದು ಪ್ರಸಾರದಲ್ಲೇ ಘೋಷಿಸಬೇಕಾಯಿತು. ಮೂರನೆಯ ವರ್ಷದ ಕೊನೆಗೆ, 1969ರಲ್ಲಿ, 79 ಕಂತುಗಳೊಂದಿಗೆ ಅದು ನಿಂತರೂ ಮರುಪ್ರಸಾರ ಹೊಸ ಅಭಿಮಾನಿಗಳನ್ನು ತಂದಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸಮ್ಮೇಳನಕ್ಕೆ ಕೆಲವು ನೂರು ಮಂದಿ ಬರಬಹುದೆಂದು ನಿರೀಕ್ಷಿಸಲಾಗಿತ್ತು. ಬಂದವರು 3,000ಕ್ಕೂ ಹೆಚ್ಚು. 1976ರಲ್ಲಿ ಅಮೆರಿಕದ ಮೊದಲ ಸ್ಪೇಸ್ ಷಟಲ್‌ಗೆ ‘ಎಂಟರ್‌ಪ್ರೈಸ್’ ಎಂದು ಧಾರಾವಾಹಿಯ ನೌಕೆಯ ಹೆಸರು ಬಂದುದರ ಹಿಂದೆಯೂ ಅಭಿಮಾನಿಗಳ ಪತ್ರಗಳೇ ಇದ್ದವು.

ಈ ಹೊಸಬರಲ್ಲಿ ಮಹಿಳೆಯರ ಸಂಖ್ಯೆ ದೊಡ್ಡದು. ಅವರು ಪಾತ್ರಗಳನ್ನು ಎತ್ತಿಕೊಂಡು ತಮ್ಮದೇ ಕಥೆಗಳನ್ನು ಬರೆದರು. ಇಬ್ಬರು ನಾಯಕರ ನಡುವೆ ಪ್ರೇಮ ಕಲ್ಪಿಸಿ ಬರೆಯುವ ಧೈರ್ಯವನ್ನೂ 1974ರಲ್ಲಿ ತೋರಿದರು. ಲೇಖಕಿಯ ಆಸೆಗಳೆಲ್ಲ ಮೂರ್ತಿವೆತ್ತ, ಎಲ್ಲದರಲ್ಲೂ ಪರಿಪೂರ್ಣಳಾದ ನಾಯಕಿಗೆ ‘ಮೇರಿ ಸ್ಯೂ’ ಎಂಬ ಅಡ್ಡಹೆಸರು ಬಂದದ್ದು ಪೌಲಾ ಸ್ಮಿತ್ 1973ರಲ್ಲಿ ಬರೆದ ಪುಟ್ಟ ಅಣಕು ಕಥೆಯಿಂದ. ಹಳೆಯ ಅಭಿಮಾನಿಗಳಲ್ಲಿ ಅನೇಕರು ಇವರನ್ನು ಒಳಗೆ ಸೇರಿಸಿಕೊಳ್ಳಲು ಹಿಂಜರಿದರು. ಪುಸ್ತಕ ಓದದೆ ಟಿ.ವಿ. ನೋಡಿ ಬಂದವರು ಎಂಬುದು ಅವರ ತಕರಾರು. ಒಂದು ಕಾಲಕ್ಕೆ ಅಗ್ಗದ ಪತ್ರಿಕೆ ಓದುತ್ತಾರೆಂದು ಹೀಯಾಳಿಸಿಕೊಂಡಿದ್ದವರೇ ಈಗ ಇನ್ನೊಬ್ಬರ ಅಭಿರುಚಿಯನ್ನು ಅಳೆಯತೊಡಗಿದ್ದರು.

ಪೂರ್ವದ ಬಳಗ

ಜಪಾನಿನಲ್ಲಿ ಟಾಕುಮಿ ಶಿಬಾನೊ 1957ರಲ್ಲಿ ‘ಉಚೂಜಿನ್’ ಎಂಬ ಫ್ಯಾನ್‌ಝೀನ್ ಆರಂಭಿಸಿದ. 1962ರಿಂದ ರಾಷ್ಟ್ರೀಯ ಸಮ್ಮೇಳನಗಳು ನಡೆದವು. 1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ 32 ತಂಡಗಳು ತಮ್ಮ ಸ್ವಂತ ಪತ್ರಿಕೆ, ಕಾಮಿಕ್ಸ್‌ಗಳನ್ನು ಮೇಜಿನ ಮೇಲಿಟ್ಟು ಮಾರಿದ ಸಣ್ಣ ಸಂತೆಗೆ ಸುಮಾರು 700 ಮಂದಿ ಬಂದಿದ್ದರು. ‘ಕಾಮಿಕೆಟ್’ ಎಂಬ ಆ ಸಂತೆ ಬೆಳೆದು ಲಕ್ಷಾಂತರ ಜನ ಸೇರುವ ಜಾತ್ರೆಯಾಯಿತು. ಒಸಾಕಾದ ವಿದ್ಯಾರ್ಥಿಗಳು 1981 ಮತ್ತು 1983ರ ಸಮ್ಮೇಳನಗಳ ಉದ್ಘಾಟನೆಗೆಂದು ಕೈಯಿಂದ ಬಿಡಿಸಿ ಮಾಡಿದ ಕಿರು ಆನಿಮೇಷನ್ ಚಿತ್ರಗಳೇ ಅವರನ್ನು ಗೈನಾಕ್ಸ್ ಸ್ಟುಡಿಯೋ ಸ್ಥಾಪನೆಗೆ ಒಯ್ದವು. ಓದುಗ ಕರ್ತೃವಾಗುವ ಹಳೆಯ ಸೂತ್ರ ಇಲ್ಲಿಯೂ ನಿಜವಾಯಿತು.

ಮತಪೆಟ್ಟಿಗೆಯ ಕಲಹ

ಹಳೆಯ ಪ್ರಶ್ನೆ ಮಾತ್ರ ಮುಗಿಯಲಿಲ್ಲ. 2010ರ ದಶಕದಲ್ಲಿ ಹ್ಯೂಗೊ ಪ್ರಶಸ್ತಿಗೆ ಮಹಿಳೆಯರ, ಬಿಳಿಯರಲ್ಲದವರ ಕೃತಿಗಳು ಹೆಚ್ಚಾಗಿ ಬರತೊಡಗಿದಾಗ, ಇದು ಸಾಹಿತ್ಯವಲ್ಲ ರಾಜಕೀಯ ಎಂದು ಒಂದು ಗುಂಪು ಆಕ್ಷೇಪಿಸಿತು. 1937ರ ವಾದವೇ ಹೊಸ ವೇಷದಲ್ಲಿ ಬಂದಿತ್ತು. 2015ರಲ್ಲಿ ಆ ಗುಂಪುಗಳು ಸಂಘಟಿತವಾಗಿ ನಾಮಕರಣ ಮಾಡಿ ಅಂತಿಮ ಪಟ್ಟಿಯ ಬಹುಭಾಗವನ್ನು ಆಕ್ರಮಿಸಿದವು. ಉಳಿದ ಸದಸ್ಯರು ಐದು ವಿಭಾಗಗಳಲ್ಲಿ ‘ಯಾರಿಗೂ ಪ್ರಶಸ್ತಿ ಬೇಡ’ ಎಂದು ಮತ ಹಾಕಿ ಉತ್ತರ ಕೊಟ್ಟರು. ಅದೇ ವರ್ಷ ಚೀನಾದ ಲ್ಯೂ ಸಿಷಿನ್ ಕಾದಂಬರಿ ವಿಭಾಗದಲ್ಲಿ ಪ್ರಶಸ್ತಿ ಪಡೆದ ಮೊದಲ ಏಷ್ಯಾದ ಲೇಖಕನಾದ. 2016ರಿಂದ ಸತತ ಮೂರು ವರ್ಷ ಕಾದಂಬರಿ ಪ್ರಶಸ್ತಿ ಕರಿಯ ಲೇಖಕಿ ಎನ್.ಕೆ. ಜೆಮಿಸಿನ್‌ಗೆ ಬಂತು. ಅದಕ್ಕೂ ಮೊದಲು ಯಾರೂ ಅಂಥ ಸಾಧನೆ ಮಾಡಿರಲಿಲ್ಲ. 2019ರಲ್ಲಿ ಅಭಿಮಾನಿಗಳು ಬರೆದ ಕಥೆಗಳ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ಗೇ ಹ್ಯೂಗೊ ಸಂದಿತು. ‘ಸ್ಪಾಕನೇಲಿಯಾ’ದ ಮೊಮ್ಮಕ್ಕಳಿಗೆ ಸಿಕ್ಕ ಮನ್ನಣೆ ಅದು.

ಹಾಗೆಂದು ಎಲ್ಲ ಸರಿಹೋಯಿತು ಎನ್ನುವಂತಿಲ್ಲ. 2023ರ ವಿಶ್ವ ಸಮ್ಮೇಳನ ಚೀನಾದ ಚೆಂಗ್ಡುವಿನಲ್ಲಿ ನಡೆಯಿತು. ಮತಗಳಿಂದ ಅರ್ಹತೆ ಪಡೆದಿದ್ದ ಆರ್.ಎಫ್. ಕ್ವಾಂಗ್ ಅವರ ‘ಬೇಬಲ್’ ಮೊದಲಾದವನ್ನು ಕಾರಣ ಹೇಳದೆ ಅನರ್ಹಗೊಳಿಸಿದ್ದು 2024ರ ಆರಂಭದಲ್ಲಿ ಅಂಕಿ ಅಂಶ ಹೊರಬಿದ್ದಾಗ ಬೆಳಕಿಗೆ ಬಂತು. ಪ್ರಶಸ್ತಿಯ ಆಡಳಿತ ನೋಡಿಕೊಳ್ಳುತ್ತಿದ್ದ ಪಾಶ್ಚಾತ್ಯ ಅಭಿಮಾನಿಗಳೇ ಲೇಖಕರ ರಾಜಕೀಯ ಅಭಿಪ್ರಾಯಗಳನ್ನು ಜಾಲಾಡಿ ಟಿಪ್ಪಣಿ ಮಾಡಿಕೊಂಡಿದ್ದುದನ್ನು ಬಯಲಾದ ಪತ್ರವ್ಯವಹಾರ ತೋರಿಸಿತು. ಈ ಬಾರಿ ತಡೆದದ್ದು ಸಭಾಂಗಣದ ಬಾಗಿಲಲ್ಲಿ ಅಲ್ಲ, ಮತ ಎಣಿಸುವ ಮೇಜಿನ ಮೇಲೆ. ಅದನ್ನು ಹೊರಗೆಳೆದು ಚರ್ಚೆಗಿಟ್ಟವರೂ ಅಭಿಮಾನಿಗಳೇ ಎಂಬುದನ್ನೂ ಮರೆಯುವಂತಿಲ್ಲ.

ಅಮೆರಿಕದ ಐಯೋವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ರಸ್ಟಿ ಹೆವೆಲಿನ್ ಎಂಬ ಅಭಿಮಾನಿ ಬದುಕಿನುದ್ದಕ್ಕೂ ಕೂಡಿಟ್ಟ ಸುಮಾರು 10,000 ಫ್ಯಾನ್‌ಝೀನ್‌ಗಳಿವೆ. ಹೆಕ್ಟೋಗ್ರಾಫಿನ ನೇರಳೆ ಶಾಯಿ ಬೆಳಕಿಗೆ ಬಿದ್ದಷ್ಟೂ ಮಾಸುತ್ತದೆ. ಆದ್ದರಿಂದ ಅವುಗಳ ಡಿಜಿಟಲ್ ಪ್ರತಿ ಮಾಡುವ ಕೆಲಸವನ್ನು ಗ್ರಂಥಾಲಯ ಕೈಗೆತ್ತಿಕೊಂಡಿತು. ಆ ಹಾಳೆಗಳಲ್ಲಿ ಮಹಾಸಾಹಿತ್ಯ ಹೆಚ್ಚಿಲ್ಲ. ಜಗಳ, ತಮಾಷೆ, ಕಥೆಗಳ ವಿಮರ್ಶೆ, ಮುಂದಿನ ಸಂಚಿಕೆ ತಡವಾದುದಕ್ಕೆ ಕ್ಷಮೆ ಇವೇ ತುಂಬಿವೆ. ಆದರೆ ಪ್ರತಿಯೊಂದರಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಸಂಪಾದಕನ ಮನೆಯ ವಿಳಾಸವಿದೆ, ಬರೆಯಿರಿ ಎಂಬ ಕೋರಿಕೆಯಿದೆ. ಆ ಕೋರಿಕೆ ನಿಜಕ್ಕೂ ಯಾರ್‍ಯಾರನ್ನು ಉದ್ದೇಶಿಸಿತ್ತು ಎಂಬುದನ್ನೇ ಈ ಬಳಗ ಸುಮಾರು ನೂರು ವರ್ಷಗಳಿಂದ ಚರ್ಚಿಸುತ್ತ ಬಂದಿದೆ.